ಪ್ರೊ. ಸತೀಶ್ ಧವನ್ (1920–2002): ಬಾಹ್ಯಾಕಾಶ ಮೊದಲೋ, ನೆಲ-ಜಲದ ರಕ್ಷಣೆ ಮೊದಲೋ?

ಮಳೆಯ ಅಭಾವ, ಬೆಳೆ ನಷ್ಟ, ಕುಡಿಯುವ ನೀರು ಹಾಗೂ ಜಮೀನಿನ ನಕ್ಷೆಗೆ ಸಂಬಂಧಿಸಿದ ಅರ್ಜಿಗಳೊಂದಿಗೆ ಸಾರ್ವಜನಿಕರು ಸರ್ಕಾರಿ ಕಚೇರಿಗಳಿಗೆ ಬರುತ್ತಾರೆ. ಅಂತಹ ಸಂದರ್ಭಗಳಲ್ಲಿ ಒಂದು ಪ್ರಶ್ನೆ ಅನೇಕ ಬಾರಿ ಕೇಳಿಬರುತ್ತದೆ. ಕೆರೆಗಳು ಬತ್ತಿರುವಾಗ, ಕೊಳವೆಬಾವಿಗಳು ಒಣಗಿರುವಾಗ, ಸರ್ಕಾರದ ಹಣವನ್ನು ರಾಕೆಟ್ಟು ಮತ್ತು ಉಪಗ್ರಹಗಳಿಗೆ ವ್ಯಯ ಮಾಡುವುದು ಸರಿಯೇ? ಈ ಪ್ರಶ್ನೆಯು ಹೊಸದಲ್ಲ, ಉಪೇಕ್ಷಿಸತಕ್ಕದ್ದೂ ಅಲ್ಲ. ಭಾರತದ ಬಾಹ್ಯಾಕಾಶ ಕಾರ್ಯಕ್ರಮವನ್ನು 12 ವರ್ಷಗಳ ಕಾಲ ಬೆಂಗಳೂರಿನಿಂದ ಮುನ್ನಡೆಸಿದ ಪ್ರೊ. ಸತೀಶ್ ಧವನ್ ಅವರು ತಮ್ಮ ಸೇವಾವಧಿಯುದ್ದಕ್ಕೂ ಇದೇ ಪ್ರಶ್ನೆಯನ್ನು ಎದುರಿಸಿದರು. ಅವರ ಜೀವನ ಮತ್ತು ಸೇವೆಯ ಸಂಕ್ಷಿಪ್ತ ವಿವರಗಳನ್ನು ನಾಗರಿಕರ ಮಾಹಿತಿಗಾಗಿ ಈ ಪುಟದಲ್ಲಿ ನೀಡಲಾಗಿದೆ.

ಸೋಲೂರಿಗೂ ಈ ವಿಷಯಕ್ಕೂ ಇರುವ ಸಂಬಂಧ

ಮಾಗಡಿ ಸೀಮೆಯ ಸೋಲೂರು, ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ನೆಲಮಂಗಲ ಮತ್ತು ಕುಣಿಗಲ್ ನಡುವೆ ಇರುವ ಹೋಬಳಿ ಕೇಂದ್ರ. ಇಲ್ಲಿಂದ ಪೂರ್ವಕ್ಕೆ ಹೋದರೆ ನೆಲಮಂಗಲದ ಮೂಲಕ ಪೀಣ್ಯ ಸಿಗುತ್ತದೆ. ಭಾರತದ ಪ್ರಥಮ ಉಪಗ್ರಹ ಆರ್ಯಭಟ ನಿರ್ಮಾಣಗೊಂಡದ್ದು ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. ಇಲ್ಲಿಂದ ಪಶ್ಚಿಮಕ್ಕೆ ಕುಣಿಗಲ್ ತಾಲ್ಲೂಕು. ಆ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಸೌದೆ, ಹೊಗೆ, ಗೋಬರ್ ಅನಿಲ ಮತ್ತು ಮಣ್ಣಿನ ಮನೆಗಳ ಕುರಿತ ಪ್ರಯೋಗಗಳಿಗಾಗಿ ವಿಸ್ತರಣಾ ಕೇಂದ್ರವೊಂದನ್ನು ತೆರೆದಿತ್ತು. ಒಂದು ಕಡೆ ಆಕಾಶದ ಕೆಲಸ, ಇನ್ನೊಂದು ಕಡೆ ಅಡುಗೆಮನೆಯ ಒಲೆಯ ಕೆಲಸ. ಈ ಎರಡೂ ಕಾರ್ಯಗಳು ಆರಂಭವಾದ 1970ರ ದಶಕದಲ್ಲಿ ಎರಡೂ ಸಂಸ್ಥೆಗಳ ಮುಖ್ಯಸ್ಥರು ಒಬ್ಬರೇ ಆಗಿದ್ದರು. ಅವರೇ ಪ್ರೊ. ಧವನ್.

ಜನನ ಮತ್ತು ವಿದ್ಯಾಭ್ಯಾಸ

ಸತೀಶ್ ಧವನ್ ಅವರು 1920ನೇ ಇಸವಿ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದರು. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ಮೂರು ಪದವಿಗಳನ್ನು ಪಡೆದರು: ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಹಾಗೂ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಬಿ.ಇ. ವಿಜ್ಞಾನ, ಸಾಹಿತ್ಯ ಹಾಗೂ ಯಂತ್ರವಿದ್ಯೆ ಮೂರನ್ನೂ ಕ್ರಮವಾಗಿ ಅಭ್ಯಾಸ ಮಾಡಿದವರು ಅಂದಿಗೂ ಇಂದಿಗೂ ವಿರಳ.

ಅನಂತರ ಅವರು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, 1946ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿದರು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ, ಕ್ಯಾಲಿಫೋರ್ನಿಯ ತಂತ್ರಜ್ಞಾನ ಸಂಸ್ಥೆಯಲ್ಲಿ 1951ರಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಅದೇ ವರ್ಷ ಸ್ವದೇಶಕ್ಕೆ ಮರಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ನಮ್ಮ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಈ ಸಂಸ್ಥೆಯೇ ಅವರ ಕರ್ಮಭೂಮಿಯಾಯಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೇವೆ

ಶಬ್ದಕ್ಕಿಂತ ಹೆಚ್ಚಿನ ವೇಗದ ಗಾಳಿಯ ಹರಿವನ್ನು ಪರೀಕ್ಷಿಸುವ ಗಾಳಿ ಸುರಂಗಗಳನ್ನು ಧವನ್ ಅವರು ಸಂಸ್ಥೆಯಲ್ಲಿ ಅಲ್ಪ ವೆಚ್ಚದಲ್ಲಿ ರೂಪಿಸಿದರು. 1955ರಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾದರು. 1962ರಲ್ಲಿ, ತಮ್ಮ 42ನೇ ವಯಸ್ಸಿನಲ್ಲಿ, ಸಂಸ್ಥೆಯ ನಿರ್ದೇಶಕರಾಗಿ ನೇಮಕಗೊಂಡು 1981ರವರೆಗೆ ಆ ಹುದ್ದೆಯಲ್ಲಿ ಮುಂದುವರಿದರು. 1971ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಿತು.

1972ನೇ ಇಸವಿ

1971ರ ಡಿಸೆಂಬರ್ 30ರಂದು ಭಾರತೀಯ ಬಾಹ್ಯಾಕಾಶ ಕಾರ್ಯಕ್ರಮದ ಸ್ಥಾಪಕರಾದ ಡಾ. ವಿಕ್ರಮ್ ಸಾರಾಭಾಯ್ ಅವರು ಅಕಾಲಿಕವಾಗಿ ನಿಧನರಾದರು. ಆ ಸಮಯದಲ್ಲಿ ಧವನ್ ಅವರು ರಜೆಯ ಮೇಲೆ ಅಮೆರಿಕದಲ್ಲಿ ಬೋಧನೆ ಮತ್ತು ಸಂಶೋಧನೆಯಲ್ಲಿ ತೊಡಗಿದ್ದರು. ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ವಹಿಸಿಕೊಳ್ಳುವಂತೆ ಅವರನ್ನು ಕೋರಿದರು. ಧವನ್ ಅವರು ಎರಡು ಷರತ್ತುಗಳನ್ನು ಮುಂದಿಟ್ಟರು. ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು; ಬಾಹ್ಯಾಕಾಶ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಎರಡೂ ಅಂಗೀಕೃತವಾದವು. ಅವರು ಮರಳುವವರೆಗೆ ಪ್ರೊ. ಎಂ. ಜಿ. ಕೆ. ಮೆನನ್ ಅವರು ಅಧ್ಯಕ್ಷರ ಕಾರ್ಯವನ್ನು ನಿರ್ವಹಿಸಿದರು. 1972ರ ಸೆಪ್ಟೆಂಬರ್‌ನಲ್ಲಿ ಧವನ್ ಅವರು ಅಧಿಕಾರ ವಹಿಸಿಕೊಂಡರು.

ಈ ವರ್ಷದ ಕೆಲವು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 1972ರ ಜೂನ್ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆಯನ್ನು ರಚಿಸಿತು. ಅದೇ ತಿಂಗಳು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಮಾನವ ಪರಿಸರದ ಕುರಿತು ವಿಶ್ವಸಂಸ್ಥೆಯ ಪ್ರಥಮ ಮಹಾಸಮ್ಮೇಳನ ನಡೆಯಿತು. ಅದರಲ್ಲಿ ಇಂದಿರಾ ಗಾಂಧಿಯವರು ಬಡತನವನ್ನೂ ಪರಿಸರವನ್ನೂ ಬೇರ್ಪಡಿಸಿ ನೋಡಲಾಗದೆಂಬ ವಾದವನ್ನು ಮಂಡಿಸಿದರು. ಜುಲೈ ತಿಂಗಳಿನಲ್ಲಿ ಅಮೆರಿಕವು ಭೂಮಿಯ ಅರಣ್ಯ, ಬೆಳೆ ಮತ್ತು ಜಲಮೂಲಗಳ ಚಿತ್ರ ತೆಗೆಯುವ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲನೆಯ ಉಪಗ್ರಹವನ್ನು ಹಾರಿಸಿತು. ಇತ್ತ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಭಾಗಗಳು ಭೀಕರ ಬರಗಾಲಕ್ಕೆ ತುತ್ತಾದವು. ಜನರು ಗುಳೆ ಹೋಗುತ್ತಿದ್ದ ವರ್ಷದಲ್ಲೇ ದೇಶವು ಉಪಗ್ರಹಗಳಿಗಾಗಿ ಪ್ರತ್ಯೇಕ ಇಲಾಖೆಯನ್ನು ತೆರೆದಿತ್ತು. ಆದ್ದರಿಂದ ವೆಚ್ಚದ ಕುರಿತ ಆಕ್ಷೇಪಣೆಯು ಸಹಜವಾಗಿಯೇ ಬಂದಿತು.

ಶ್ರೀಮಂತ ದೇಶದಲ್ಲಿಯೂ ಈ ಆಕ್ಷೇಪಣೆ ಇತ್ತು. 1969ರ ಜುಲೈನಲ್ಲಿ ಅಪೊಲೊ 11 ಚಂದ್ರನತ್ತ ಹೊರಡುವ ಮುನ್ನಾದಿನ ರೆವರೆಂಡ್ ರಾಲ್ಫ್ ಅಬರ್ನಥಿಯವರು ಬಡ ಕುಟುಂಬಗಳೊಂದಿಗೆ, ಹೇಸರಗತ್ತೆಯ ಬಂಡಿಗಳೊಂದಿಗೆ ಉಡಾವಣಾ ಕೇಂದ್ರಕ್ಕೆ ಬಂದು, ಹಸಿದವರಿಗೆ ಅನ್ನವಿಲ್ಲದಿರುವಾಗ ಈ ವೆಚ್ಚವೇಕೆಂದು ಪ್ರತಿಭಟಿಸಿದ್ದರು. ಭಾರತದಂತಹ ದೇಶದಲ್ಲಿ ಈ ಮಾತಿನ ತೂಕ ಇನ್ನೂ ಹೆಚ್ಚು.

ಧವನ್ ಅವರು ಅನುಸರಿಸಿದ ಆದ್ಯತೆ

ಧವನ್ ಅವರ ಅವಧಿಯಲ್ಲಿ ಭಾರತವು ಚಂದ್ರನಿಗಾಗಲೀ ಅನ್ಯ ಗ್ರಹಗಳಿಗಾಗಲೀ ನೌಕೆ ಕಳುಹಿಸುವ ಯೋಜನೆಯನ್ನು ಕೈಗೊಳ್ಳಲಿಲ್ಲ. ಸಾರಾಭಾಯ್ ಅವರು ಹಾಕಿಕೊಟ್ಟ ದಾರಿಯಲ್ಲಿ ಸಂಪರ್ಕ, ಹವಾಮಾನ ಮತ್ತು ಭೂಸಂಪನ್ಮೂಲ ಸಮೀಕ್ಷೆ ಎಂಬ ಮೂರು ಉಪಯೋಗಗಳಿಗೆ ಮೊದಲ ಸ್ಥಾನ ನೀಡಲಾಯಿತು. ಉಪಗ್ರಹದಿಂದ ಯಾರಿಗೆ ಏನು ಪ್ರಯೋಜನ ಎಂಬುದು ಮೊದಲು ತೀರ್ಮಾನವಾಗಬೇಕು, ಅನಂತರವೇ ಉಪಗ್ರಹ ಮತ್ತು ಅದನ್ನು ಹಾರಿಸುವ ವಾಹನ ಎಂಬುದು ಅವರ ಕಾರ್ಯಕ್ರಮದ ಕ್ರಮವಾಗಿತ್ತು.

1975ರ ಏಪ್ರಿಲ್ 19ರಂದು ಆರ್ಯಭಟ ಉಪಗ್ರಹವು ಸೋವಿಯತ್ ಒಕ್ಕೂಟದ ನೆಲದಿಂದ ಕಕ್ಷೆ ಸೇರಿತು. ಸುಮಾರು 360 ಕಿಲೋಗ್ರಾಂ ತೂಕದ ಈ ಉಪಗ್ರಹವನ್ನು ಉಡುಪಿ ಸಮೀಪದ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದಲ್ಲಿ ನಿರ್ಮಿಸಲಾಗಿತ್ತು. ಅದೇ ವರ್ಷ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ಶೈಕ್ಷಣಿಕ ದೂರದರ್ಶನ ಕಾರ್ಯಕ್ರಮಗಳನ್ನು ಪ್ರಸಾರ ಮಾಡಲಾಯಿತು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಗ್ರಾಮಗಳು ಇದಕ್ಕೆ ಆಯ್ಕೆಯಾಗಿದ್ದವು. ರಾಜಧಾನಿ ಬೆಂಗಳೂರಿನ ಮನೆಗಳಿಗೆ ದೂರದರ್ಶನ ಬರುವ ಮೊದಲೇ ಆ ಬರಪೀಡಿತ ಜಿಲ್ಲೆಗಳ ಹಳ್ಳಿಗರು ಕೃಷಿ, ಆರೋಗ್ಯ ಮತ್ತು ಶಿಕ್ಷಣದ ಕಾರ್ಯಕ್ರಮಗಳನ್ನು ಕನ್ನಡದಲ್ಲಿ ನೋಡಿದರು. 1976ರ ಜುಲೈ 31ಕ್ಕೆ ಅವಧಿ ಮುಗಿದು ಉಪಗ್ರಹವು ಹಿಂದಿರುಗಿತು. ಎರವಲು ಸಾಧನದ ಮಿತಿಯೂ, ಸ್ವಂತ ಉಪಗ್ರಹದ ಅಗತ್ಯವೂ ಅಂದು ಎಲ್ಲರಿಗೂ ಮನವರಿಕೆಯಾಯಿತು.

1979 ಮತ್ತು 1981ರಲ್ಲಿ ಭಾಸ್ಕರ ಉಪಗ್ರಹಗಳು ಅರಣ್ಯ, ಜಲ ಮತ್ತು ಸಾಗರಗಳ ವೀಕ್ಷಣೆಗಾಗಿ ಹಾರಿದವು. 1981ರ ಆ್ಯಪಲ್ ಹಾಗೂ 1983ರ ಇನ್ಸಾಟ್-1ಬಿ ಉಪಗ್ರಹಗಳು ಸಂಪರ್ಕ ಸೇವೆಗೆ ನಾಂದಿ ಹಾಡಿದವು. ಚಂಡಮಾರುತದ ಮುನ್ಸೂಚನೆಗೆ ಇನ್ಸಾಟ್ ಚಿತ್ರಗಳು ಆಧಾರವಾದವು. ಬೆಂಗಳೂರಿನಲ್ಲಿ ನಿರ್ಮಾಣವಾದ ಐ.ಆರ್.ಎಸ್-1ಎ ಎಂಬ ದೂರಸಂವೇದಿ ಉಪಗ್ರಹವು 1988ರ ಮಾರ್ಚ್ 17ರಂದು ಕಕ್ಷೆ ಸೇರಿದಾಗ ಧವನ್ ಅವರು ಅಧ್ಯಕ್ಷ ಹುದ್ದೆಯಿಂದ ನಿವೃತ್ತರಾಗಿದ್ದರು. ಆದರೂ ಅದರ ಹಿಂದಿನ ಸಿದ್ಧತೆಯು ಅವರ ಅವಧಿಯದೇ ಆಗಿತ್ತು.

ಸೋಲಿನ ಹೊಣೆ

1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹಾರಿದ ಎಸ್.ಎಲ್.ವಿ-3 ವಾಹನವು ಸುಮಾರು 5 ನಿಮಿಷಗಳಲ್ಲಿ ಬಂಗಾಳ ಕೊಲ್ಲಿಗೆ ಬಿದ್ದಿತು. ಸಾರ್ವಜನಿಕ ಹಣವು ಸಮುದ್ರದ ಪಾಲಾಯಿತೆಂಬ ಟೀಕೆ ಬರುವುದು ಖಚಿತವಿತ್ತು. ಯೋಜನಾ ನಿರ್ದೇಶಕರಾಗಿದ್ದ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರನ್ನು ಮುಂದೆ ಬಿಡದೆ, ಧವನ್ ಅವರೇ ಪತ್ರಕರ್ತರನ್ನು ಎದುರಿಸಿ ವೈಫಲ್ಯದ ಹೊಣೆ ಹೊತ್ತರು. 1980ರ ಜುಲೈ 18ರಂದು ಅದೇ ಮಾದರಿಯ ವಾಹನವು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಿಕಾಗೋಷ್ಠಿಯನ್ನು ನಡೆಸುವ ಅವಕಾಶವನ್ನು ಕಲಾಂ ಅವರಿಗೆ ಬಿಟ್ಟುಕೊಟ್ಟರು. ಈ ಪ್ರಸಂಗವನ್ನು ಕಲಾಂ ಅವರು ರಾಷ್ಟ್ರಪತಿಗಳಾದ ನಂತರವೂ ಸ್ಮರಿಸುತ್ತಿದ್ದರು. 1982ರಲ್ಲಿ ಇನ್ಸಾಟ್-1ಎ ಕೆಲವೇ ತಿಂಗಳುಗಳಲ್ಲಿ ನಿಷ್ಕ್ರಿಯವಾದದ್ದೂ ಇದೇ ಅವಧಿಯಲ್ಲಿ. ಜನರ ಹಣದಿಂದ ನಡೆಯುವ ಕಾರ್ಯದಲ್ಲಿ ಸೋಲು ಬಂದಾಗ ಉತ್ತರ ಕೊಡಬೇಕಾದವರು ಮೇಲಿನ ಸ್ಥಾನದಲ್ಲಿರುವವರು ಎಂಬ ಪದ್ಧತಿಯನ್ನು ಅವರು ನಡೆದು ತೋರಿಸಿದರು.

ನೆಲದ ಕೆಲಸ: ಅಸ್ತ್ರ ಮತ್ತು ಪರಿಸರ ವಿಜ್ಞಾನ

ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದ ಇದೇ ವರ್ಷಗಳಲ್ಲಿ ಧವನ್ ಅವರು ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ಮತ್ತು ಪರಿಸರ ವಿಷಯಗಳಿಗೆ ಬಾಗಿಲು ತೆರೆದರು. ರಸಾಯನ ವಿಜ್ಞಾನಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯ ಎಂಬ ಕಾರ್ಯಕ್ರಮವು ಆರಂಭವಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅಸ್ತ್ರ ಎಂಬ ಹೆಸರು ಬಂದಿತು. ವಿದೇಶದಲ್ಲಿ ಪ್ರಕಟವಾಗುವ ಲೇಖನಗಳೇ ವಿಜ್ಞಾನಿಯ ಅಳತೆಗೋಲು ಎಂದು ಭಾವಿಸಿದ್ದ ಕಾಲದಲ್ಲಿ ಒಲೆ, ಗೊಬ್ಬರ ಮತ್ತು ಮಣ್ಣಿನ ಇಟ್ಟಿಗೆಗಳನ್ನು ಸಂಶೋಧನೆಯ ವಿಷಯವಾಗಿ ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ನಿರ್ದೇಶಕರ ಬೆಂಬಲದಿಂದ ಅದು ಸಾಧ್ಯವಾಯಿತು.

ಉಂಗ್ರ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಮನೆಮನೆಗೆ ತೆರಳಿ ಇಂಧನ ಬಳಕೆಯ ಸಮೀಕ್ಷೆ ನಡೆಸಲಾಯಿತು. ಹಳ್ಳಿಯ ಇಂಧನದ ಬಹುಪಾಲು ಸೌದೆಯೇ ಎಂಬುದೂ, ಅದನ್ನು ಹೊತ್ತು ತರುವ ಹಾಗೂ ಅದರ ಹೊಗೆ ಕುಡಿಯುವ ಕಷ್ಟವು ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ ಎಂಬುದೂ ಲೆಕ್ಕದಿಂದಲೇ ಸ್ಪಷ್ಟವಾಯಿತು. ಇದರ ಫಲವಾಗಿ ರೂಪುಗೊಂಡದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಈ ಒಲೆಯು 1980ರ ದಶಕದಲ್ಲಿ ರಾಜ್ಯದ ಅನೇಕ ಹಳ್ಳಿಗಳ ಮನೆಗಳನ್ನು ತಲುಪಿತು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಗೋಬರ್ ಅನಿಲ ಸ್ಥಾವರವನ್ನು ಸ್ಥಾಪಿಸಲಾಯಿತು. ಅಡುಗೆಗೆ ಅನಿಲ ನೀಡುವ ಮೊದಲಿನ ಉದ್ದೇಶವು, ಅನಿಲ ಸಾಲದೆ, ಈಡೇರಲಿಲ್ಲ. 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ ಗ್ರಾಮಕ್ಕೆ ನಲ್ಲಿ ನೀರನ್ನೂ ವಿದ್ಯುತ್ ದೀಪವನ್ನೂ ಒದಗಿಸಲಾಯಿತು. ಜನರಿಗೆ ಏನು ಬೇಕೆಂದು ಅವರನ್ನೇ ಕೇಳಿ ತಿಳಿದ ನಂತರವೇ ಯೋಜನೆಯು ನೆಲೆಗೊಂಡಿತು.

1973ರಲ್ಲಿ ಸಂಸ್ಥೆಗೆ ಸೇರಿದ ಮಾಧವ ಗಾಡ್ಗೀಳ್ ಅವರು ಪಶ್ಚಿಮ ಘಟ್ಟದ ಕಾಡು, ಬಿದಿರು ಹಾಗೂ ದೇವರ ಕಾಡುಗಳ ಅಧ್ಯಯನವನ್ನೂ, ಸುಲೋಚನಾ ಗಾಡ್ಗೀಳ್ ಅವರು ಮುಂಗಾರು ಮಳೆಯ ಅಧ್ಯಯನವನ್ನೂ ಕೈಗೊಂಡರು. ಈ ಕಾರ್ಯಗಳಿಂದ ಮುಂದೆ ಸಂಸ್ಥೆಯಲ್ಲಿ ವಾಯುಮಂಡಲ ವಿಜ್ಞಾನ ಕೇಂದ್ರವೂ, 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರವೂ ರೂಪುಗೊಂಡವು.

ಧವನ್ ಅವರ ಸ್ವಂತ ಆಸಕ್ತಿಯೂ ಪ್ರಕೃತಿಯ ಕಡೆಗಿತ್ತು. ಶ್ರೀಹರಿಕೋಟ ದ್ವೀಪದ ಒಂದು ಬದಿಗೆ ಬಂಗಾಳ ಕೊಲ್ಲಿ, ಮತ್ತೊಂದು ಬದಿಗೆ ವಲಸೆ ಹಕ್ಕಿಗಳ ತಾಣವಾದ ಪುಲಿಕಾಟ್ ಸರೋವರ. ವಿಮಾನ ವಿಜ್ಞಾನಿಯಾದ ಅವರು ಹಕ್ಕಿಗಳು ಹಾರುವ ರೀತಿಯನ್ನು ಅಭ್ಯಾಸ ಮಾಡಿ, ಅದರ ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು.

ಉಪಗ್ರಹವು ನಮ್ಮ ನದಿಯನ್ನು ಕಂಡ ಬಗೆ

ಸೋಲೂರಿಗೆ ಸಮೀಪದ ಶಿವಗಂಗೆ ಬೆಟ್ಟದ ಕಡೆ ಹುಟ್ಟುವ ಕುಮುದ್ವತಿಯು, ನಂದಿ ಬೆಟ್ಟದ ಕಡೆಯಿಂದ ಬರುವ ಅರ್ಕಾವತಿಯನ್ನು ತಿಪ್ಪಗೊಂಡನಹಳ್ಳಿಯಲ್ಲಿ ಕೂಡುತ್ತದೆ. ಈ ಸಂಗಮದಲ್ಲಿ 1930ರ ದಶಕದಲ್ಲಿ ನಿರ್ಮಾಣವಾದ ಚಾಮರಾಜಸಾಗರ ಜಲಾಶಯವು ದಶಕಗಳ ಕಾಲ ಬೆಂಗಳೂರಿಗೆ ನೀರುಣಿಸಿತು. ಕಾಲಕ್ರಮೇಣ ಜಲಾಶಯದ ಒಳಹರಿವು ತೀವ್ರವಾಗಿ ಕುಸಿಯಿತು. ಕಾರಣ ತಿಳಿಯಲು ಬಾಹ್ಯಾಕಾಶ ಸಂಸ್ಥೆಯು ಉಪಗ್ರಹ ಚಿತ್ರಗಳ ಆಧಾರದ ಮೇಲೆ ಜಲಾನಯನ ಪ್ರದೇಶದ ಅಧ್ಯಯನದಲ್ಲಿ ಭಾಗವಹಿಸಿ, 2000ನೇ ಇಸವಿಯಲ್ಲಿ ವರದಿ ಸಿದ್ಧವಾಯಿತು. ರಾಜ್ಯ ಸರ್ಕಾರವು 2003ರ ನವೆಂಬರ್ 18ರ ಆದೇಶದ ಮೂಲಕ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ ನಿರ್ಬಂಧಗಳನ್ನು ವಿಧಿಸಿತು. ಅರ್ಕಾವತಿ ಕಣಿವೆಯಲ್ಲಿ ಅನಂತರ ನಡೆದ ಸಂಶೋಧನೆಗಳು, ನದಿ ಒಣಗಲು ಮಳೆಯ ಕೊರತೆಗಿಂತ ಅಂತರ್ಜಲದ ಅತಿಯಾದ ಬಳಕೆ ಮತ್ತು ನೀಲಗಿರಿ ತೋಪುಗಳ ವಿಸ್ತರಣೆ ಹೆಚ್ಚಿನ ಕಾರಣಗಳೆಂದು ತಿಳಿಸಿವೆ.

ಆದರೂ ನೀರು ಹಿಂದಿನಂತೆ ಹರಿದು ಬರಲಿಲ್ಲ. 2012ರ ವೇಳೆಗೆ ಜಲಾಶಯದಿಂದ ಬೆಂಗಳೂರಿಗೆ ನೀರು ಪೂರೈಕೆ ನಿಂತುಹೋಯಿತು. ಎಲ್ಲಿ ತೋಪು ಹೆಚ್ಚಿದೆ, ಎಲ್ಲಿ ಬಡಾವಣೆ ಬಂದಿದೆ, ಎಲ್ಲಿ ಕೆರೆ ಒತ್ತುವರಿಯಾಗಿದೆ ಎಂಬುದನ್ನು ಉಪಗ್ರಹವು ತೋರಿಸಬಲ್ಲದು. ಒತ್ತುವರಿಯನ್ನು ತೆರವುಗೊಳಿಸುವುದು, ಕೊಳವೆಬಾವಿಗೆ ಮಿತಿ ಹಾಕುವುದು, ರಾಜಕಾಲುವೆಯನ್ನು ಸ್ವಚ್ಛವಾಗಿಡುವುದು ನೆಲದ ಮೇಲಿನ ಆಡಳಿತ ಮತ್ತು ಜನರ ಕೆಲಸ. ಆಕಾಶದಿಂದ ಬಂದ ಮಾಹಿತಿಗೆ ವ್ಯಯಿಸಿದ ಹಣವು ಸಾರ್ಥಕವಾಗುವುದು ಈ ಎರಡನೆಯ ಕೆಲಸಕ್ಕೂ ಹಣ ಮತ್ತು ಮನಸ್ಸು ದೊರೆತಾಗ ಮಾತ್ರ. ಇದು ಧವನ್ ಅವರ ಎರಡು ಹುದ್ದೆಗಳ ಸೇವೆಯಿಂದ ತಿಳಿಯುವ ಮುಖ್ಯ ಪಾಠ.

ನಿವೃತ್ತಿ ಮತ್ತು ನಿಧನ

1981ರಲ್ಲಿ ವಿಜ್ಞಾನ ಸಂಸ್ಥೆಯಿಂದಲೂ, 1984ರಲ್ಲಿ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷ ಹುದ್ದೆಯಿಂದಲೂ ಧವನ್ ಅವರು ನಿವೃತ್ತರಾದರು. ಪ್ರೊ. ಯು. ಆರ್. ರಾವ್ ಅವರು ಅವರ ಉತ್ತರಾಧಿಕಾರಿಯಾದರು. 1981ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಅವರಿಗೆ ಸಂದಿತು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಅದೇ ವರ್ಷ ಸೆಪ್ಟೆಂಬರ್ 5ರಂದು ಶ್ರೀಹರಿಕೋಟದ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನು ಇಡಲಾಯಿತು.

ಅವರ ಕಾಲದ ನಂತರ ಬಾಹ್ಯಾಕಾಶ ಕಾರ್ಯಕ್ರಮವು ಬಹಳ ಬೆಳೆದಿದೆ. 2008ರಲ್ಲಿ ಚಂದ್ರಯಾನ-1 ಹೊರಟಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಅದೇ ವರ್ಷ ಕರ್ನಾಟಕದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. 1972ರ ಪ್ರಶ್ನೆಯು ಹೀಗೆ ಮತ್ತೆ ಎದುರು ನಿಂತಿದೆ. ಚಂದ್ರಯಾನದಂತಹ ಅನ್ವೇಷಣೆಗೆ ಹಣ ನೀಡುವುದು ಒಂದು ವಿಷಯ, ಭೂಮಿಯನ್ನು ನೋಡುವ ಉಪಗ್ರಹಕ್ಕೆ ನೀಡುವುದು ಇನ್ನೊಂದು ವಿಷಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎರಡನೆಯದು ಪರಿಸರ ರಕ್ಷಣೆಯ ವೆಚ್ಚದ ಭಾಗವೇ ಆಗಿದೆ. ಮೊದಲನೆಯದರ ಕುರಿತು ತೀರ್ಮಾನ ಮಾಡುವಾಗ, ಇದರಿಂದ ಯಾರಿಗೆ ಪ್ರಯೋಜನ ಎಂಬ ಧವನ್ ಅವರ ಕಾಲದ ಪ್ರಶ್ನೆಯನ್ನು ಮುಂದಿಟ್ಟುಕೊಳ್ಳುವುದು ನಾಗರಿಕರ ಹಕ್ಕು.

ಅರ್ಜಿದಾರರ ಗಮನಕ್ಕೆ

1. ಬರ ಘೋಷಣೆಯು ಕೇಂದ್ರ ಬರ ನಿರ್ವಹಣಾ ಕೈಪಿಡಿಯನ್ನು ಆಧರಿಸಿದೆ. ಮಳೆಯ ಕೊರತೆಯೊಂದಿಗೆ ಉಪಗ್ರಹದಿಂದ ಪಡೆದ ಹಸಿರಿನ ಸೂಚ್ಯಂಕ, ಬಿತ್ತನೆಯ ವಿಸ್ತೀರ್ಣ, ಮಣ್ಣಿನ ತೇವಾಂಶ ಮುಂತಾದವುಗಳನ್ನು ಪರಿಗಣಿಸಿ, ಕ್ಷೇತ್ರ ಪರಿಶೀಲನೆ ನಡೆಸಲಾಗುತ್ತದೆ. ಪರಿಶೀಲನೆಗೆ ಬಂದ ಸಿಬ್ಬಂದಿಗೆ ಬೆಳೆಯ ವಾಸ್ತವ ಸ್ಥಿತಿಯನ್ನು ತೋರಿಸತಕ್ಕದ್ದು.

2. ಪಹಣಿಯಲ್ಲಿ ನಮೂದಾದ ಬೆಳೆಯೂ ಜಮೀನಿನಲ್ಲಿರುವ ಬೆಳೆಯೂ ಒಂದೇ ಆಗಿರುವುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳುವುದು ಒಳಿತು.

3. ಸರ್ವೆ ನಂಬರಿನ ಸ್ಥಳವನ್ನು ಮೊಬೈಲಿನಲ್ಲಿ ತೋರಿಸುವ ದಿಶಾಂಕ್ ತಂತ್ರಾಂಶವನ್ನು, 1986ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ನೆರವಿನಿಂದ ರೂಪಿಸಲಾಗಿದೆ. ಇದು ಮಾಹಿತಿಗಾಗಿ ಮಾತ್ರ. ಗಡಿ ವಿವಾದವಿದ್ದಲ್ಲಿ ಭೂಮಾಪನ ಇಲಾಖೆಯಿಂದ ಅಳತೆ ಮಾಡಿಸಿಕೊಳ್ಳತಕ್ಕದ್ದು.

4. ಕೆರೆ, ಗುಂಡುತೋಪು, ರಾಜಕಾಲುವೆಗಳ ಒತ್ತುವರಿ ಕಂಡುಬಂದಲ್ಲಿ ಸರ್ವೆ ನಂಬರ್ ಸಹಿತ ಲಿಖಿತ ದೂರನ್ನು ತಹಶೀಲ್ದಾರರಿಗೆ ಸಲ್ಲಿಸಿ, ಸ್ವೀಕೃತಿ ಪಡೆಯುವುದು.